ಕೊಡಗಿನಲ್ಲಿ ಸೆರೆವಾಸ

ಕೊಡಗು ಜಿಲ್ಲೆಯಲ್ಲಿ ಸೆರೆವಾಸದ ವ್ಯವಸ್ಥೆಯ ಕೇಂದ್ರ ಮಡಿಕೇರಿಯ ಜಿಲ್ಲಾ ಕಾರಾಗೃಹ. ಇದು ಕರ್ನಾಟಕ ಸರ್ಕಾರದ ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆಯ ಅಧೀನದಲ್ಲಿದೆ. ರಾಜ್ಯದ ಇತರ ಜಿಲ್ಲಾ ಕಾರಾಗೃಹಗಳಂತೆ ಇಲ್ಲಿಯೂ ಮುಖ್ಯವಾಗಿ ವಿಚಾರಣಾಧೀನ ಬಂದಿಗಳನ್ನು, ಅಂದರೆ ಪ್ರಕರಣ ಇನ್ನೂ ತೀರ್ಮಾನವಾಗದವರನ್ನು ಇರಿಸಲಾಗುತ್ತದೆ. ದೀರ್ಘಾವಧಿಯ ಶಿಕ್ಷೆಗೆ ಗುರಿಯಾದವರನ್ನು ಸಾಮಾನ್ಯವಾಗಿ ಸುಮಾರು 120 ಕಿ.ಮೀ. ದೂರದ ಮೈಸೂರು ಕೇಂದ್ರ ಕಾರಾಗೃಹಕ್ಕೆ ಕಳುಹಿಸುತ್ತಾರೆ. ಹೀಗಾಗಿ ಕೊಡಗಿನ ಬಂದಿಯ ದೈನಂದಿನ ಜೀವನವನ್ನು ಎರಡು ಸಂಗತಿಗಳು ರೂಪಿಸುತ್ತವೆ: ಮಡಿಕೇರಿಯಲ್ಲಿ ಮುಗಿಯುವ ದಿನ ಗೊತ್ತಿಲ್ಲದ ಕಾಯುವಿಕೆ ಮತ್ತು ಮೈಸೂರಿನಲ್ಲಿ ಮನೆಯಿಂದ ದೂರ.

ಇತಿಹಾಸ

ಕೊಡಗಿನ ಇತಿಹಾಸದಲ್ಲಿ ಸೆರೆಯ ಪ್ರಸಂಗಗಳು ಪದೇ ಪದೇ ಬರುತ್ತವೆ. 1780ರಲ್ಲಿ ಹಾಲೇರಿ ವಂಶದ ಲಿಂಗರಾಜನು ಮರಣ ಹೊಂದಿದ ನಂತರ ಹೈದರಾಲಿಯು ಅವನ ಮಕ್ಕಳನ್ನು ವಶದಲ್ಲಿಟ್ಟುಕೊಂಡನು. ಟಿಪ್ಪುವಿನ ಕಾಲದಲ್ಲಿ ಅವರನ್ನು ಪಿರಿಯಾಪಟ್ಟಣದ ಕೋಟೆಯಲ್ಲಿ ಇರಿಸಲಾಗಿತ್ತು. ಅವರಲ್ಲಿ ಒಬ್ಬನಾದ ದೊಡ್ಡ ವೀರರಾಜೇಂದ್ರನು 1788ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಕೊಡಗನ್ನು ಮರಳಿ ಪಡೆದನು. ಇದೇ ಅವಧಿಯಲ್ಲಿ ಕೊಡಗಿನ ಅನೇಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಅವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ.

1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಾಶಿಗೆ ಕಳುಹಿಸಿದರು. ಮೂರು ವರ್ಷಗಳ ನಂತರ ನಡೆದ ಅಮರ ಸುಳ್ಯ ದಂಗೆಯ ನಾಯಕರಲ್ಲಿ ಒಬ್ಬನಾದ ಗುಡ್ಡೆಮನೆ ಅಪ್ಪಯ್ಯಗೌಡನನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಅರಮನೆ, ಕೋಟೆ ಗಣಪತಿ ದೇವಾಲಯ ಮತ್ತು ಸರ್ಕಾರಿ ಕಚೇರಿಗಳಿದ್ದ ಇದೇ ಕೋಟೆಯ ಆವರಣದಲ್ಲಿ ಜಿಲ್ಲಾ ಸೆರೆಮನೆಯೂ ದೀರ್ಘಕಾಲ ಇತ್ತು.

ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಸೆರೆವಾಸದ ಸಾಮಾಜಿಕ ಅರ್ಥ ಬದಲಾಯಿತು. ‘ಕೊಡಗಿನ ಗಾಂಧಿ’ ಎಂದು ಹೆಸರಾದ ಪಂದ್ಯಂಡ ಬೆಳ್ಯಪ್ಪ ಮತ್ತು ಮುಂದೆ ಕೊಡಗು ರಾಜ್ಯದ ಮುಖ್ಯಮಂತ್ರಿಯಾದ (1952–56) ಸಿ. ಎಂ. ಪೂಣಚ್ಚ ಮೊದಲಾದವರು ಹಲವು ಬಾರಿ ಜೈಲು ಸೇರಿದರು. ಆದರೆ ರಾಜಕೀಯ ಬಂದಿಗೆ ದೊರೆತ ಗೌರವ ಸಾಮಾನ್ಯ ಬಂದಿಗೆ ದೊರೆಯಲಿಲ್ಲ. ಅವನ ಮೇಲಿನ ಕಳಂಕ ಬಿಡುಗಡೆಯ ನಂತರವೂ ಉಳಿಯುವುದು ಇಂದಿಗೂ ಕಂಡುಬರುತ್ತದೆ.

1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದೊಂದಿಗೆ ವಿಲೀನವಾಯಿತು. ಪ್ರಸ್ತುತ ರಾಜ್ಯದ ಕಾರಾಗೃಹಗಳ ಆಡಳಿತವು 1963ರ ಕರ್ನಾಟಕ ಕಾರಾಗೃಹಗಳ ಅಧಿನಿಯಮ, 1974ರ ನಿಯಮಗಳು ಹಾಗೂ 2021ರ ಕೈಪಿಡಿಯ ಆಧಾರದ ಮೇಲೆ ನಡೆಯುತ್ತದೆ.

ಪ್ರವೇಶ ಮತ್ತು ಮೊದಲ ದಿನಗಳು

ನ್ಯಾಯಾಂಗ ಬಂಧನದ ಆದೇಶದೊಂದಿಗೆ ಬಂದ ವ್ಯಕ್ತಿಯನ್ನು ತಪಾಸಣೆಗೆ ಒಳಪಡಿಸಿ, ಹೆಸರು, ವಿಳಾಸ ಮತ್ತು ಗುರುತಿನ ಚಿಹ್ನೆಗಳನ್ನು ದಾಖಲಿಸಲಾಗುತ್ತದೆ. ಹಣ, ಆಭರಣ ಹಾಗೂ ಮೊಬೈಲ್ ಫೋನನ್ನು ಒಳಗೆ ಒಯ್ಯುವಂತಿಲ್ಲ. ಪ್ರವೇಶದ ವೇಳೆ ವೈದ್ಯಕೀಯ ಪರೀಕ್ಷೆ ಕಡ್ಡಾಯವಾಗಿದ್ದು, ಮೈಮೇಲೆ ಗಾಯಗಳಿದ್ದರೆ ಅವನ್ನು ದಾಖಲಿಸಬೇಕು. ನಿತ್ಯ ಸೇವಿಸುವ ಔಷಧಿಗಳ ವಿವರವನ್ನು ಈ ಹಂತದಲ್ಲಿಯೇ ವೈದ್ಯರಿಗೆ ತಿಳಿಸುವುದು ಮುಖ್ಯ. ದೀರ್ಘಕಾಲ ಮದ್ಯ ಸೇವಿಸುತ್ತಿದ್ದವರು ಅದನ್ನು ಹಠಾತ್ತನೆ ನಿಲ್ಲಿಸಬೇಕಾಗಿ ಬಂದಾಗ ಮೊದಲ ಕೆಲವು ದಿನಗಳಲ್ಲಿ ನಡುಕ, ಭ್ರಮೆ ಮತ್ತು ಅಪಸ್ಮಾರದಂತಹ ತೊಂದರೆಗಳು ಕಾಣಿಸಿಕೊಳ್ಳಬಹುದು. ಇದು ಪ್ರಾಣಾಪಾಯಕ್ಕೂ ಕಾರಣವಾಗಬಲ್ಲದು.

ವಿಚಾರಣಾಧೀನ ಬಂದಿಗಳು ತಮ್ಮ ಸ್ವಂತ ಬಟ್ಟೆ ಧರಿಸಬಹುದು. ಶಿಕ್ಷಾಬಂದಿಗಳಿಗೆ ಬಿಳಿ ಸಮವಸ್ತ್ರವಿದೆ. ಮಡಿಕೇರಿಯ ಹವಾಮಾನದಲ್ಲಿ ಬಟ್ಟೆಯ ವಿಷಯ ಸಣ್ಣದಲ್ಲ. ಸಮುದ್ರ ಮಟ್ಟದಿಂದ 1,100 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಈ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವು ಕೊಡುವುದು ಅಪರೂಪ. ಒಗೆದ ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲ. ಮನೆಯಿಂದ ಬರುವ ಒಂದು ಸ್ವೆಟರ್ ಅಥವಾ ಇನ್ನೊಂದು ಜೊತೆ ಬಟ್ಟೆ ಮಳೆಗಾಲದಲ್ಲಿ ಬಂದಿಯ ಆರೋಗ್ಯವನ್ನು ಕಾಪಾಡುವ ವಸ್ತುವಾಗುತ್ತದೆ.

ದಿನಚರಿ ಮತ್ತು ಆಹಾರ

ಸೆರೆಮನೆಯ ದಿನವು ಬೆಳಗಿನ ಬೀಗ ತೆರವು ಮತ್ತು ತಲೆ ಎಣಿಕೆಯಿಂದ ಆರಂಭವಾಗಿ, ಸಂಜೆಯ ಎಣಿಕೆ ಮತ್ತು ಬೀಗ ಹಾಕುವಿಕೆಯೊಂದಿಗೆ ಮುಗಿಯುತ್ತದೆ. ನಡುವೆ ಸ್ನಾನ, ಉಪಾಹಾರ, ನ್ಯಾಯಾಲಯಕ್ಕೆ ಹೋಗುವುದು ಅಥವಾ ವಿಡಿಯೊ ಮೂಲಕ ಹಾಜರಾಗುವುದು, ಊಟ ಮತ್ತು ಸಂದರ್ಶನಗಳು ನಡೆಯುತ್ತವೆ. ರಾತ್ರಿಯ ಊಟ ಬೇಗ ಮುಗಿಯುವುದರಿಂದ, ಮರುದಿನ ಬೆಳಗಿನವರೆಗಿನ ಬ್ಯಾರಕ್‌ನೊಳಗಿನ ಅವಧಿಯೇ ದಿನದ ಅತಿ ದೀರ್ಘ ಭಾಗವಾಗಿದೆ.

ಕರ್ನಾಟಕದ ಕಾರಾಗೃಹಗಳಲ್ಲಿ ಉಪ್ಪಿಟ್ಟು ಅಥವಾ ಚಿತ್ರಾನ್ನದಂತಹ ಉಪಾಹಾರ, ಮಧ್ಯಾಹ್ನ ಮತ್ತು ರಾತ್ರಿ ಮುದ್ದೆ ಅಥವಾ ಚಪಾತಿ, ಅನ್ನ, ಸಾಂಬಾರು ಮತ್ತು ಮಜ್ಜಿಗೆ ಕೊಡುವುದು ವಾಡಿಕೆ. ವಾರಕ್ಕೊಮ್ಮೆ ಮಾಂಸಾಹಾರವಿರುತ್ತದೆ. ಅಸ್ವಸ್ಥರಿಗೆ ವೈದ್ಯರ ಸಲಹೆಯ ಮೇರೆಗೆ ಪಥ್ಯಾಹಾರ ನೀಡಲು ಅವಕಾಶವಿದೆ. ಕುಟುಂಬದವರು ಬಂದಿಯ ಹೆಸರಿನಲ್ಲಿ ಜಮೆ ಮಾಡಿದ ಹಣದಿಂದ ಕ್ಯಾಂಟೀನಿನಲ್ಲಿ ಸೋಪು, ಬಿಸ್ಕತ್ತು ಮೊದಲಾದವುಗಳನ್ನು ಖರೀದಿಸಬಹುದು. ಮನೆಯವರ ಸಂಪರ್ಕವಿಲ್ಲದವರಿಗೆ ಈ ಅನುಕೂಲ ಸಿಗದಿರುವುದರಿಂದ ಬಂದಿಗಳ ನಡುವೆ ಬಡವ-ಬಲ್ಲಿದರ ಅಂತರ ಇಲ್ಲಿಂದಲೇ ಆರಂಭವಾಗುತ್ತದೆ.

ಕೆಲಸ, ಕೂಲಿ ಮತ್ತು ಕಲಿಕೆ

ಕಠಿಣ ಸಜೆಗೆ ಗುರಿಯಾದವರು ಕೆಲಸ ಮಾಡಬೇಕು. ವಿಚಾರಣಾಧೀನ ಬಂದಿಗಳನ್ನು ದುಡಿಮೆಗೆ ಒತ್ತಾಯಿಸುವಂತಿಲ್ಲ. ಬಂದಿಗಳ ದುಡಿಮೆಗೆ ನ್ಯಾಯಯುತ ಕೂಲಿ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 1998ರಲ್ಲಿ ತೀರ್ಪು ನೀಡಿತು. ಕರ್ನಾಟಕದಲ್ಲಿ ಇತ್ತೀಚಿನ ಪರಿಷ್ಕರಣೆಯ ನಂತರ ಈ ಕೂಲಿ ದಿನಕ್ಕೆ 500 ರೂಪಾಯಿಯನ್ನು ದಾಟಿದೆ. ಜಾತಿಯ ಆಧಾರದ ಮೇಲೆ ಅಡುಗೆ ಅಥವಾ ಶೌಚಾಲಯದ ಕೆಲಸ ಹಂಚುವುದು ಅಸಾಂವಿಧಾನಿಕವೆಂದು 2024ರ ಅಕ್ಟೋಬರ್ 3ರ ಸುಕನ್ಯಾ ಶಾಂತಾ ಪ್ರಕರಣದ ತೀರ್ಪು ಘೋಷಿಸಿತು. ಕಾರಾಗೃಹದ ದಾಖಲೆಗಳಿಂದ ಜಾತಿಯ ಕಾಲಂ ತೆಗೆದುಹಾಕುವಂತೆಯೂ ಅದು ಆದೇಶಿಸಿತು.

ಕೇಂದ್ರ ಕಾರಾಗೃಹಗಳಲ್ಲಿ ನೇಯ್ಗೆ, ಮರಗೆಲಸ, ಬೇಕರಿ ಹಾಗೂ ಅಕ್ಷರ ಕಲಿಕೆಗೆ ವ್ಯವಸ್ಥೆಯಿದೆ. ಮೈಸೂರು ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ಅವರು 1990ರ ದಶಕದ ಕೊನೆಯಿಂದ ರಾಜ್ಯದ ಬಂದಿಗಳಿಗೆ ನಾಟಕ ಕಲಿಸಿದರು. ಈ ಬಂದಿಗಳು ಸೆರೆಮನೆಯ ಹೊರಗಿನ ರಂಗಮಂದಿರಗಳಲ್ಲಿಯೂ ಪ್ರದರ್ಶನ ನೀಡಿದ್ದಾರೆ. ಚಿಕ್ಕ ಜಿಲ್ಲಾ ಕಾರಾಗೃಹಗಳಲ್ಲಿ ಬಂದಿಗಳು ನಿರಂತರವಾಗಿ ಬಂದು ಹೋಗುವುದರಿಂದ ಇಂತಹ ದೀರ್ಘ ತರಬೇತಿ ನಡೆಸುವುದು ಕಷ್ಟ. ಮಾಡಲು ಕೆಲಸವಿಲ್ಲದಿರುವುದೇ ವಿಚಾರಣಾಧೀನ ಬಂದಿಗೆ ಹೊರೆಯಾಗುತ್ತದೆ.

ಕುಟುಂಬದೊಂದಿಗೆ ಸಂಪರ್ಕ

ಬಂದಿಗಳು ನಿಯಮಾನುಸಾರ ಕುಟುಂಬದವರನ್ನು, ಸ್ನೇಹಿತರನ್ನು ಮತ್ತು ವಕೀಲರನ್ನು ಭೇಟಿಯಾಗಬಹುದು. ಪತ್ರ ಬರೆಯಲು ಮತ್ತು ಕಾರಾಗೃಹದ ದೂರವಾಣಿಯನ್ನು ಬಳಸಲು ಅವಕಾಶವಿದೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ರೂಪಿಸಿದ ಇ-ಮುಲಾಕಾತ್ ವ್ಯವಸ್ಥೆಯ ಮೂಲಕ ಸಂದರ್ಶನದ ಸಮಯವನ್ನು ಮೊದಲೇ ಕಾದಿರಿಸಬಹುದು, ವಿಡಿಯೊ ಮೂಲಕವೂ ಮಾತನಾಡಬಹುದು.

ನಾಪೋಕ್ಲು, ಕುಟ್ಟ ಅಥವಾ ಶ್ರೀಮಂಗಲದ ಕಡೆಯ ಕುಟುಂಬವೊಂದಕ್ಕೆ ಮೈಸೂರಿನಲ್ಲಿರುವ ಬಂದಿಯನ್ನು ನೋಡಿಬರುವುದೆಂದರೆ ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು ಎರಡನ್ನೂ ಕಳೆದುಕೊಳ್ಳುವುದು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಇದು ಇನ್ನೂ ಕಷ್ಟ. ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ ಮತ್ತು ಹುತ್ತರಿಯಂತಹ ಹಬ್ಬಗಳಲ್ಲಿ ಕುಟುಂಬದ ಎಲ್ಲರೂ ಸೇರುವ ಪದ್ಧತಿಯಿರುವ ಜಿಲ್ಲೆಯಲ್ಲಿ ಗೈರುಹಾಜರಿಯು ಬಂದಿಗೂ ಮನೆಯವರಿಗೂ ಎದ್ದು ಕಾಣುತ್ತದೆ. ಹತ್ತಿರದ ಬಂಧುವಿನ ಸಾವು ಮುಂತಾದ ಸಂದರ್ಭಗಳಲ್ಲಿ ಶಿಕ್ಷಾಬಂದಿಯು ಪೆರೋಲಿಗೆ ಅರ್ಜಿ ಸಲ್ಲಿಸಬಹುದು. ವಿಚಾರಣಾಧೀನ ಬಂದಿಗೆ ಪೆರೋಲ್ ಇಲ್ಲ. ಅವನು ನ್ಯಾಯಾಲಯದಿಂದಲೇ ಮಧ್ಯಂತರ ಜಾಮೀನು ಪಡೆಯಬೇಕು.

ಮಾನಸಿಕ ಆರೋಗ್ಯ

ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ 5 ಸಾವಿರಕ್ಕೂ ಹೆಚ್ಚು ಬಂದಿಗಳನ್ನು ಒಳಗೊಂಡ ಅಧ್ಯಯನವೊಂದರ ವರದಿಯನ್ನು ನಿಮ್ಹಾನ್ಸ್ 2011ರಲ್ಲಿ ಪ್ರಕಟಿಸಿತು. ಮಾನಸಿಕ ಕಾಯಿಲೆ ಮತ್ತು ಮಾದಕ ವಸ್ತುಗಳ ವ್ಯಸನವು ಹೊರಗಿನ ಸಮಾಜಕ್ಕಿಂತ ಸೆರೆಮನೆಯಲ್ಲಿ ಬಹಳ ಹೆಚ್ಚಾಗಿರುವುದನ್ನು ಅದು ತೋರಿಸಿತು. ಬಂಧನದ ಮೊದಲ ದಿನಗಳು, ಜಾಮೀನು ಅರ್ಜಿ ತಿರಸ್ಕೃತವಾದ ದಿನ ಮತ್ತು ತೀರ್ಪಿನ ನಂತರದ ದಿನಗಳು ಹೆಚ್ಚಿನ ಎಚ್ಚರ ಬೇಡುವ ಹಂತಗಳಾಗಿವೆ. 2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮದ ಪ್ರಕಾರ ಪ್ರತಿ ರಾಜ್ಯದ ಕನಿಷ್ಠ ಒಂದು ಕಾರಾಗೃಹದಲ್ಲಿ ಮಾನಸಿಕ ಚಿಕಿತ್ಸಾ ಘಟಕ ಇರಬೇಕು. ಹೊರಗಿರುವ ಕುಟುಂಬದವರು ಟೆಲಿ-ಮಾನಸ್ ಸಹಾಯವಾಣಿಗೆ (14416) ಉಚಿತವಾಗಿ ಕರೆ ಮಾಡಬಹುದು.

ಏಕಾಂತ ಸೆರೆ ಮತ್ತು ಬೇಡಿಗಳ ಬಳಕೆಗೆ ಸರ್ವೋಚ್ಚ ನ್ಯಾಯಾಲಯವು 1978ರ ಸುನಿಲ್ ಬಾತ್ರಾ ಪ್ರಕರಣದಲ್ಲಿ ಕಟ್ಟುನಿಟ್ಟಾದ ಮಿತಿ ಹಾಕಿತು. ಸೆರೆಮನೆಯ ಬಾಗಿಲಲ್ಲಿ ಮೂಲಭೂತ ಹಕ್ಕುಗಳು ಕೊನೆಗೊಳ್ಳುವುದಿಲ್ಲವೆಂಬುದು ಆ ತೀರ್ಪಿನ ಸಾರ. 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳು 15 ದಿನಗಳಿಗಿಂತ ಹೆಚ್ಚಿನ ಏಕಾಂತ ಸೆರೆಯನ್ನು ನಿಷೇಧಿಸುತ್ತವೆ.

ಮಹಿಳೆಯರು ಮತ್ತು ಮಕ್ಕಳು

ಮಹಿಳಾ ಬಂದಿಗಳನ್ನು ಪುರುಷರಿಂದ ಪ್ರತ್ಯೇಕವಾಗಿ ಇರಿಸಬೇಕು ಮತ್ತು ಅವರ ತಪಾಸಣೆಯನ್ನು ಮಹಿಳಾ ಸಿಬ್ಬಂದಿಯೇ ನಡೆಸಬೇಕು. ಆರು ವರ್ಷದೊಳಗಿನ ಮಕ್ಕಳು ತಾಯಿಯೊಂದಿಗೆ ಇರಬಹುದು. ಇಂತಹ ಮಕ್ಕಳನ್ನು ಬಂದಿಗಳಂತೆ ಕಾಣಬಾರದೆಂದೂ, ಅವರಿಗೆ ಆಹಾರ, ಚಿಕಿತ್ಸೆ ಮತ್ತು ಶಿಕ್ಷಣ ಒದಗಿಸಬೇಕೆಂದೂ ಸರ್ವೋಚ್ಚ ನ್ಯಾಯಾಲಯವು 2006ರ ಆರ್. ಡಿ. ಉಪಾಧ್ಯಾಯ ಪ್ರಕರಣದಲ್ಲಿ ನಿರ್ದೇಶಿಸಿತು.

ಜಾಮೀನು ಮತ್ತು ಕಾನೂನು ನೆರವು

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಪ್ರಕಾರ 2022ರ ಕೊನೆಯಲ್ಲಿ ದೇಶದ ಬಂದಿಗಳಲ್ಲಿ ಸುಮಾರು ಮುಕ್ಕಾಲು ಭಾಗ ವಿಚಾರಣಾಧೀನರಾಗಿದ್ದರು. ಅವರಲ್ಲಿ ಜಾಮೀನು ದೊರೆತೂ ಹೊರಬರಲಾಗದವರು ಸೇರಿದ್ದಾರೆ. ಜಾಮೀನುದಾರನ ಆಸ್ತಿಗೆ ಪುರಾವೆಯಾಗಿ ಪಹಣಿ ಹಾಜರುಪಡಿಸುವುದು ಕರ್ನಾಟಕದಲ್ಲಿ ರೂಢಿಯಲ್ಲಿದೆ. ಕೊಡಗಿನ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ ವಾಸಿಸುವ ಭೂರಹಿತ ಕಾರ್ಮಿಕರಿಗೆ, ಎರವ ಮತ್ತು ಜೇನುಕುರುಬ ಸಮುದಾಯಗಳ ಕೂಲಿಕಾರರಿಗೆ ಹಾಗೂ ಅಸ್ಸಾಂನಂತಹ ದೂರದ ರಾಜ್ಯಗಳಿಂದ ಬಂದವರಿಗೆ ಪಹಣಿ ಹೊಂದಿದ ಜಾಮೀನುದಾರನನ್ನು ಹುಡುಕುವುದು ಸುಲಭವಲ್ಲ. ಬಡವನಿಂದ ಭಾರಿ ಮೊತ್ತದ ಅಥವಾ ಅದೇ ಜಿಲ್ಲೆಯ ಜಾಮೀನು ಕೇಳುವುದನ್ನು ಸರ್ವೋಚ್ಚ ನ್ಯಾಯಾಲಯವು 1978ರ ಮೋತಿ ರಾಮ್ ಪ್ರಕರಣದಲ್ಲಿಯೇ ಟೀಕಿಸಿತ್ತು.

ವಿಚಾರಣಾಧೀನ ಬಂದಿಗೆ ನೆರವಾಗುವ ಮುಖ್ಯ ಕಾನೂನು ಅವಕಾಶಗಳು ಹೀಗಿವೆ:

• ನಿಗದಿತ 60 ಅಥವಾ 90 ದಿನಗಳಲ್ಲಿ ದೋಷಾರೋಪ ಪಟ್ಟಿ ಸಲ್ಲಿಕೆಯಾಗದಿದ್ದರೆ ಆರೋಪಿಯು ಜಾಮೀನಿಗೆ ಹಕ್ಕುಳ್ಳವನಾಗುತ್ತಾನೆ.

• ಜಾಮೀನು ನೀಡಬಹುದಾದ ಅಪರಾಧದಲ್ಲಿ ಬಂಧಿತನಾದ ನಿರ್ಗತಿಕನು ಒಂದು ವಾರದಲ್ಲಿ ಜಾಮೀನುದಾರನನ್ನು ಒದಗಿಸಲಾಗದಿದ್ದರೆ, ಸ್ವಂತ ಮುಚ್ಚಳಿಕೆಯ ಮೇಲೆ ಬಿಡುಗಡೆಗೆ ಅರ್ಹನಾಗುತ್ತಾನೆ.

• 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಅವಧಿಯನ್ನು ಸೆರೆಯಲ್ಲಿ ಕಳೆದವರು ಜಾಮೀನಿಗೆ ಅರ್ಹರು. ಹಿಂದೆ ಯಾವುದೇ ಅಪರಾಧದಲ್ಲಿ ದೋಷಿಯೆಂದು ತೀರ್ಮಾನವಾಗದವರಿಗೆ ಮೂರನೇ ಒಂದು ಭಾಗ ಸಾಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿರುವವರಿಗೂ ಇದು ಅನ್ವಯಿಸುವುದಿಲ್ಲ. ಅವಧಿ ಪೂರ್ಣವಾದ ಕೂಡಲೇ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸುವುದು ಕಾರಾಗೃಹ ಅಧೀಕ್ಷಕರ ಕರ್ತವ್ಯ.

• ಜಾಮೀನು ಆದೇಶವಾಗಿ 7 ದಿನಗಳಲ್ಲಿ ಬಂದಿಯು ಬಿಡುಗಡೆಯಾಗದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2023ರ ಜನವರಿಯಲ್ಲಿ ನಿರ್ದೇಶಿಸಿದೆ.

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ ಪ್ರಕಾರ ಸೆರೆಯಲ್ಲಿರುವ ಪ್ರತಿಯೊಬ್ಬರೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ಕೊಡಗಿನಲ್ಲಿ ಇದಕ್ಕಾಗಿ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಬೇಕು. ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 15100.

ಬಿಡುಗಡೆಯ ನಂತರ

ಸನ್ನಡತೆಯಿಂದ ಶಿಕ್ಷಾಬಂದಿಯು ಶಿಕ್ಷೆಯ ಅವಧಿಯಲ್ಲಿ ಮಾಫಿ ಗಳಿಸಬಹುದು. ಸೆರೆಯಲ್ಲಿರುವವರೆಗೆ, ಮುನ್ನೆಚ್ಚರಿಕಾ ಬಂಧನದಲ್ಲಿರುವವರನ್ನು ಹೊರತುಪಡಿಸಿ, ವಿಚಾರಣಾಧೀನರೂ ಸೇರಿದಂತೆ ಯಾರೂ ಮತ ಚಲಾಯಿಸುವಂತಿಲ್ಲ ಎಂದು 1951ರ ಜನಪ್ರತಿನಿಧಿ ಕಾಯ್ದೆ ಹೇಳುತ್ತದೆ. ಜಾಮೀನಿನ ಮೇಲೆ ಹೊರಗಿರುವವರಿಗೆ ಈ ನಿರ್ಬಂಧವಿಲ್ಲ.

ಹೊರಬಂದವರ ಮುಂದಿರುವ ಮೊದಲ ಪ್ರಶ್ನೆ ವಾಸಸ್ಥಳದ್ದು. ಲೈನ್‌ಮನೆಯು ತೋಟದ ಕೆಲಸದೊಂದಿಗೆ ಅಂಟಿಕೊಂಡಿರುವುದರಿಂದ ಕೆಲಸ ತಪ್ಪಿದರೆ ಮನೆಯೂ ತಪ್ಪುತ್ತದೆ. ತಿಂಗಳುಗಟ್ಟಲೆ ವಿಚಾರಣಾಧೀನನಾಗಿದ್ದು ಕೊನೆಗೆ ನಿರ್ದೋಷಿಯೆಂದು ಬಿಡುಗಡೆಯಾದ ಕಾರ್ಮಿಕನಿಗೂ ಇದೇ ಸ್ಥಿತಿ ಎದುರಾಗಬಹುದು. ಕಾರಾಗೃಹದಲ್ಲಿ ದುಡಿದ ಶಿಕ್ಷಾಬಂದಿಯ ಕೈಯಲ್ಲಿ ಕೂಲಿಯ ಉಳಿತಾಯವಿರುತ್ತದೆ. ಕೆಲಸವಿಲ್ಲದೆ ಕಾದ ವಿಚಾರಣಾಧೀನ ಬಂದಿಯು ಬರಿಗೈಯಲ್ಲಿ ಹೊರಬರುತ್ತಾನೆ.

ಇವನ್ನೂ ನೋಡಿ

• ಮಡಿಕೇರಿ ಕೋಟೆ
• ಅಮರ ಸುಳ್ಯ ದಂಗೆ
• ಪರಪ್ಪನ ಅಗ್ರಹಾರ
• ಜಾಮೀನು
• ನೆಲ್ಸನ್ ಮಂಡೇಲಾ ನಿಯಮಗಳು