"ಸೋಮಾರಿ" ಅನ್ನುವ ಮೊದಲು: ಥೈರಾಯ್ಡ್ ಪರೀಕ್ಷೆಯ ಚರಿತ್ರೆ

ನಮ್ಮ ಗುತ್ತಿಗಾರಿನ ಕಡೆ ಹುಡುಗಿಯೊಬ್ಬಳು ಸ್ವಲ್ಪ ದಪ್ಪ ಆದರೆ ಸಾಕು, ಮದುವೆ ಮನೆಯಲ್ಲಿ ನಾಲ್ಕು ಜನ ಕೇಳ್ತಾರೆ: "ಎಂತ ಮಾರಾಯ್ತಿ, ಬರೀ ಕೂತು ತಿನ್ನುದಾ?" ಕೇಳಿದವರಿಗೆ ಉತ್ತರ ಬೇಕಾಗಿರುವುದಿಲ್ಲ. ಆದರೆ ಉತ್ತರ ಹುಡುಕಲಿಕ್ಕೆ ವೈದ್ಯರಿಗೆ ಸುಮಾರು ನೂರು ವರ್ಷ ಬೇಕಾಯ್ತು.

1️⃣ 1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಕೆಲವು ಹೆಂಗಸರ ಬಗ್ಗೆ ಬರೆದರು. ಮುಖ ಊದಿಕೊಂಡಿದೆ, ಮಾತು ನಿಧಾನ, ಮೈಯಲ್ಲಿ ಉತ್ಸಾಹವೇ ಇಲ್ಲ. ಕಾರಣ ಮಾತ್ರ ಗೊತ್ತಿಲ್ಲ. 1883ರಲ್ಲಿ ಸ್ವಿಟ್ಜರ್ಲೆಂಡಿನ ಸರ್ಜನ್ ಥಿಯೊಡೋರ್ ಕೋಖರ್ ಒಂದು ವಿಷಯ ಹೇಳಿದರು: ಗಳಗಂಡಕ್ಕೆ ಆಪರೇಷನ್ ಮಾಡಿ ಥೈರಾಯ್ಡ್ ಪೂರ್ತಿ ತೆಗೆದವರೂ ಹೀಗೇ ಆಗ್ತಾರೆ. ಅಂದರೆ ತಪ್ಪು ಸ್ವಭಾವದ್ದಲ್ಲ, ಕುತ್ತಿಗೆಯ ಆ ಸಣ್ಣ ಗ್ರಂಥಿಯದ್ದು. 1891ರಲ್ಲಿ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ರಸವನ್ನು 46 ವರ್ಷದ ಒಬ್ಬ ಹೆಂಗಸಿಗೆ ಚುಚ್ಚಿದರು. ಆಕೆ ಮತ್ತೆ 28 ವರ್ಷ ಬದುಕಿದರು!

2️⃣ ಮದ್ದು ಸಿಕ್ಕಿತು, ಪರೀಕ್ಷೆ ಇರಲಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಲಗಿಸಿ, ಯಂತ್ರದಲ್ಲಿ ಉಸಿರಾಡಿಸಿ, ಎಷ್ಟು ಆಮ್ಲಜನಕ ಖರ್ಚಾಯ್ತು ಅಂತ ಅಳೆಯುತ್ತಿದ್ದರು. ರೋಗಿ ಹೆದರಿದರೂ ಲೆಕ್ಕ ತಪ್ಪುತ್ತಿತ್ತು. ರಕ್ತದಲ್ಲಿರುವ ಅತಿ ಸೂಕ್ಷ್ಮ ಹಾರ್ಮೋನನ್ನು ಅಳೆಯುವ ದಾರಿ ತೋರಿಸಿದವರು ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್. ಯಾಲೋಗೆ 1977ರಲ್ಲಿ ನೊಬೆಲ್ ಬಂತು. ಅದೇ ವಿಧಾನದಿಂದ 1965ರ ಹೊತ್ತಿಗೆ ಟಿಎಸ್‌ಎಚ್ ಅಳೆಯಲು ಸಾಧ್ಯವಾಯ್ತು. ಟಿಎಸ್‌ಎಚ್ ಅಂದರೆ ಎಂತ? ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ "ಕೆಲಸ ಮಾಡು" ಅಂತ ಕಳಿಸುವ ಆರ್ಡರ್. ಥೈರಾಯ್ಡ್ ಕೆಲಸ ಮಾಡದಿದ್ದರೆ ಆರ್ಡರ್ ಜೋರಾಗ್ತದೆ, ರಿಪೋರ್ಟಿನಲ್ಲಿ ಸಂಖ್ಯೆ ಏರ್ತದೆ.

3️⃣ ನಮ್ಮ ದೇಶದಲ್ಲಿ ಕಥೆ ಶುರುವಾದದ್ದು ಉಪ್ಪಿನಿಂದ. 1956ರಿಂದ ಈಗಿನ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತವರ ತಂಡ ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ನೋಡಿತು. ಗಳಗಂಡ ಕಡಿಮೆಯಾಯ್ತು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂತು. ಗಳಗಂಡ ಹಿಮಾಲಯದ್ದು ಮಾತ್ರ ಅಂದುಕೊಳ್ಳಬೇಡಿ. ಮಲೆನಾಡಿನಲ್ಲೂ ನಮ್ಮ ದಕ್ಷಿಣ ಕನ್ನಡದಲ್ಲೂ ಅದು ಕಂಡಿದೆ. ಘಟ್ಟದ ಮಳೆ ಮಣ್ಣಿನ ಅಯೋಡಿನ್ ತೊಳೆದುಕೊಂಡು ಹೋಗ್ತದೆ. "ಕಡಲಿನ ಕಲ್ಲುಪ್ಪು ಉಂಟಲ್ಲ" ಅಂದರೆ, ಒಣಗಿಸಿದ ಕಡಲುಪ್ಪಿನಲ್ಲಿ ಉಳಿಯುವ ಅಯೋಡಿನ್ ತೀರಾ ಕಮ್ಮಿ.

4️⃣ ಈಗ ಅಯೋಡಿನ್ ಉಪ್ಪು ತಿನ್ನುವ ಮನೆಯಲ್ಲೂ ಥೈರಾಯ್ಡ್ ಸಮಸ್ಯೆ ಬರ್ತದೆ. ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ದಾಳಿ ಮಾಡುವ ಈ ಕಾಯಿಲೆಯನ್ನು 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ವಿವರಿಸಿದರು. ಹೆಂಗಸರಲ್ಲೇ ಜಾಸ್ತಿ.

ಹಾಗಂತ ದಪ್ಪ ಆದದ್ದೆಲ್ಲ ಥೈರಾಯ್ಡ್ ಅಲ್ಲ. ಅದರಿಂದ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕಿಲೋ, ಅದರಲ್ಲೂ ಹೆಚ್ಚಿನದು ಮೈಯಲ್ಲಿ ನಿಂತ ಉಪ್ಪು ಮತ್ತು ನೀರು. ತೂಕ ಇಳಿಸಲಿಕ್ಕೆ ಯಾರದ್ದೋ ಥೈರಾಯ್ಡ್ ಮಾತ್ರೆ ನುಂಗಬೇಡಿ, ಹೃದಯಕ್ಕೆ ಅಪಾಯ. ಆದರೆ ತೂಕದ ಜೊತೆ ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ, ಮುಟ್ಟಿನ ಏರುಪೇರು ಇದ್ದರೆ ವೈದ್ಯರನ್ನು ಕೇಳಿ. ಒಂದು ರಕ್ತಪರೀಕ್ಷೆ ಸಾಕು. ರಿಪೋರ್ಟ್ ನಾರ್ಮಲ್ ಬಂದರೂ ಅವಳನ್ನು ಸೋಮಾರಿ ಅನ್ನಲು ಯಾರಿಗೂ ಲೈಸೆನ್ಸ್ ಸಿಕ್ಕಿದ ಹಾಗಲ್ಲ. ಬೇರೆ ಕಾರಣ ಹುಡುಕಬೇಕು ಅಂತ ಅಷ್ಟೇ ಅರ್ಥ.

ಸುಸ್ತು ಅಂತ ಹೇಳ್ತಾ ಇರುವ ಅಮ್ಮನಿಗೆ, ಅಕ್ಕನಿಗೆ ಇದನ್ನು ಓದಿ ಹೇಳಿ 🙏

#ಥೈರಾಯ್ಡ್ #ಆರೋಗ್ಯದಚರಿತ್ರೆ #ಗುತ್ತಿಗಾರು #ಸುಳ್ಯ