ಬಿಸಿಲಿನ ಗ್ರಂಥಗಳೂ ಎರಡು ಊರಿನ ವಾಚನಾಲಯಗಳೂ

ಸೌರಶಕ್ತಿ ಇತ್ತೀಚಿನ ವಿದ್ಯೆಯೆಂದೂ ಅದರ ಗ್ರಂಥಗಳು ದುಬಾರಿಯೆಂದೂ ಭಾವಿಸುವವರು ಹಲವರು. ಎರಡೂ ಸರಿಯಲ್ಲ. ಮುಂಬಯಿಯಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಆಡಮ್ಸ್ ಎಂಬ ಆಂಗ್ಲನು, ಉಷ್ಣದೇಶಗಳಲ್ಲಿ ಉರುವಲಿಗೆ ಬದಲಾಗಿ ಸೂರ್ಯತಾಪವನ್ನು ಬಳಸುವ ಬಗೆಯನ್ನು ಕುರಿತ ಗ್ರಂಥವನ್ನು 1878ರಲ್ಲಿ ಅಲ್ಲಿಯೇ ಅಚ್ಚುಹಾಕಿಸಿದನು. ಚಪ್ಪಟೆ ಕನ್ನಡಿಗಳಿಂದ ಬಿಸಿಲನ್ನು ಒಂದೇ ಕೊಪ್ಪರಿಗೆಯ ಮೇಲೆ ಬೀಳಿಸಿ, ಆ ಉಗಿಯಿಂದ ಎರಡೂವರೆ ಅಶ್ವಶಕ್ತಿಯ ಯಂತ್ರವನ್ನು ಆತನು ನಡೆಸಿದ್ದನು. ಕೊಪ್ಪರಿಗೆ ಕದಲದು, ಕನ್ನಡಿಗಳು ಸೂರ್ಯನನ್ನು ಅನುಸರಿಸುವುವು. ಇಂದಿನ ಸೌರಗೋಪುರಗಳ ತತ್ತ್ವವೂ ಇದೇ. ಈ ಗ್ರಂಥದ ಮೇಲೆ ಈಗ ಯಾರ ಹಕ್ಕೂ ಉಳಿದಿಲ್ಲ. ಅಂತರ್ಜಾಲದಲ್ಲಿ ಉಚಿತವಾಗಿ ಓದಬಹುದು.

ಇಂಥ ಗ್ರಂಥ ಬಡ ಓದುಗನ ಕೈಗೆ ಬರುವ ದಾರಿ ಮಾತ್ರ ಊರಿಂದ ಊರಿಗೆ ಬೇರೆಯಾಯಿತು. ಬ್ರಿಟಿಷ್ ಆಳ್ವಿಕೆಯ ನಾಸಿಕದಲ್ಲಿ ಸಾರ್ವಜನಿಕ ವಾಚನಾಲಯವು 1840ರಲ್ಲೇ ಹುಟ್ಟಿತು. 2023ರಲ್ಲಿ ಛತ್ರಪತಿ ಸಂಭಾಜಿನಗರವೆಂಬ ಹೆಸರು ಪಡೆದ ಔರಂಗಾಬಾದಾದರೋ, ನಮ್ಮ ಬೀದರ, ಕಲಬುರಗಿ, ರಾಯಚೂರುಗಳಂತೆಯೇ ನಿಜಾಮನ ರಾಜ್ಯಕ್ಕೆ ಸೇರಿತ್ತು. ಹೈದರಾಬಾದು ರಾಜ್ಯದ 1955ರ ಗ್ರಂಥಾಲಯ ಕಾಯಿದೆ ಈ ಕನ್ನಡ ಜಿಲ್ಲೆಗಳಿಗೂ ಮರಾಠವಾಡಕ್ಕೂ ಒಂದೇ ಆಗಿತ್ತು. ಮರುವರ್ಷವೇ ರಾಜ್ಯ ವಿಂಗಡಣೆಯಾಯಿತು. ಔರಂಗಾಬಾದಿನಲ್ಲಿ ಮರಾಠವಾಡ ವಿಶ್ವವಿದ್ಯಾಲಯ ಹುಟ್ಟಿದ್ದು 1958ರಲ್ಲಿ. ಮುಂದೆ 1965ರ ಕರ್ನಾಟಕದ ಕಾಯಿದೆ ಗ್ರಂಥಾಲಯ ಕರವನ್ನು ವಿಧಿಸಿತು. 1967ರ ಮಹಾರಾಷ್ಟ್ರದ ಕಾಯಿದೆ ಕರ ವಿಧಿಸದೆ, ಜನರೇ ನಡೆಸುವ ವಾಚನಾಲಯಗಳಿಗೆ ಅನುದಾನ ಕೊಡುವ ಮಾರ್ಗ ಹಿಡಿಯಿತು. ಅಲ್ಲಿ ನೆಲೆಸಿದ ಕನ್ನಡಿಗನು ಸಣ್ಣ ಚಂದಾ ತೆತ್ತು ಪುಸ್ತಕ ಒಯ್ಯಬೇಕಾಗಿರುವುದು ಇದರಿಂದಲೇ.

ಬ್ಯಾಂಕಿನ ಮೇಜಿನಿಂದ ನೋಡಿದರೆ ಇದು ಬರಿಯ ಚರಿತ್ರೆಯ ಮಾತಲ್ಲ. 2024ರಲ್ಲಿ ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆ ಆರಂಭವಾದಂದಿನಿಂದ ಮಾಳಿಗೆಯ ಫಲಕಗಳಿಗಾಗಿ ಸಾಲ ಕೇಳಿ ಬರುವವರಲ್ಲಿ ಎಷ್ಟೋ ಮಂದಿಯ ಕೈಯಲ್ಲಿ ಮಾರಾಟಗಾರನ ಕರಪತ್ರವೊಂದೇ ಇರುತ್ತದೆ. ವರ್ಷಗಟ್ಟಲೆ ಕಂತು ಕಟ್ಟುವವನು ತನ್ನೂರಿನಲ್ಲಿ ಬೀಳುವ ಬಿಸಿಲಿನ ಲೆಕ್ಕವನ್ನಾದರೂ ತಿಳಿಯಬೇಡವೇ? ಆ ಲೆಕ್ಕ ನಮ್ಮವರೇ ಮಾಡಿಟ್ಟಿದ್ದಾರೆ. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ರಾಮನ್ ಅವರ ಬಳಿ ಸಂಶೋಧನೆ ನಡೆಸಿ, ಬಳಿಕ ಪುಣೆಯ ಹವಾಮಾನ ಇಲಾಖೆಯಲ್ಲಿ ದುಡಿದ ಅನ್ನಾ ಮಣಿ ಅವರು ಭಾರತದ ಸೌರವಿಕಿರಣದ ಅಂಕಿಅಂಶಗಳ ಕೈಪಿಡಿಯನ್ನು ಸಿದ್ಧಗೊಳಿಸಿದರು. ಪರಾಮರ್ಶನ ವಿಭಾಗದಲ್ಲಿ ಅದನ್ನು ಹೆಸರು ಹೇಳಿ ಕೇಳಬೇಕು. ದೆಹಲಿಯಲ್ಲಿ 1954ರಲ್ಲಿ ನಡೆದ ಗಾಳಿ ಮತ್ತು ಸೌರಶಕ್ತಿಯ ಗೋಷ್ಠಿಯ ಪ್ರಬಂಧಗಳನ್ನು ಯುನೆಸ್ಕೋ 1956ರಲ್ಲಿ ಪ್ರಕಟಿಸಿತು; ಅದರ ಅಂತರ್ಜಾಲ ಭಂಡಾರದಲ್ಲಿ ಹಣ ಕೊಡದೆ ಓದಬಹುದು. ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳು ಶೋಧಗಂಗಾದಲ್ಲಿ ಉಚಿತ. ಸುಖಾತ್ಮೆ ಅವರ 1984ರ ಪಠ್ಯಗ್ರಂಥದ ಹಳೆಯ ಪ್ರತಿ ಸಿಕ್ಕರೂ ಸಾಕು. ಅದು ಮುಖ್ಯವಾಗಿ ತಾಪಸಂಗ್ರಹಕ್ಕೆ ಸಂಬಂಧಿಸಿದ್ದರಿಂದ, ವಿದ್ಯುತ್ ಫಲಕ ಹಾಕಿಸುವವರು ವಿಕಿರಣದ ಅಧ್ಯಾಯವನ್ನಷ್ಟು ಓದಿಕೊಳ್ಳಬಹುದು.