ಹೊಕ್ಕುಳ ಸುತ್ತ ಹದಿನಾಲ್ಕು

ನಾನು ಬೆಳೆದ ಯಲಹಂಕದಲ್ಲಿ ಹದಿನಾಲ್ಕು ಎಂದರೆ ಮಕ್ಕಳಿಗೆ ರಾಮನ ವನವಾಸಕ್ಕಿಂತ ಮೊದಲು ನೆನಪಾಗುತ್ತಿದ್ದುದು, ನಾಯಿ ಕಡಿದರೆ ಹೊಕ್ಕುಳ ಸುತ್ತ ಚುಚ್ಚುವ ಸೂಜಿಗಳು. ಬೀದಿನಾಯಿಗೆ ಕಲ್ಲು ಬೀರುವ ಹುಡುಗರನ್ನು ಹಿರಿಯರು ಗದರಿಸುತ್ತಿದ್ದುದೂ ಅದನ್ನೇ ಹೇಳಿ. ಆ ಲೆಕ್ಕ ಎಲ್ಲಿಂದ ಬಂತೆಂದು ಯಾರೂ ಕೇಳುತ್ತಿರಲಿಲ್ಲ. ಚರಿತ್ರೆಯ ಪಾಠ ಹೇಳುವವಳಾದ್ದರಿಂದ ನಾನು ಹುಡುಕಿ ನೋಡಿದೆ.

ಹೊಟ್ಟೆಗೆ ಚುಚ್ಚುವ ಪದ್ಧತಿ ಪ್ಯಾರಿಸಿನದು. 1885ರ ಜುಲೈ 6ರಂದು ಲೂಯಿ ಪಾಶ್ಚರ್, ಹುಚ್ಚುನಾಯಿ ಕಡಿದಿದ್ದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ, ಮೊಲದ ಬೆನ್ನುಹುರಿಯನ್ನು ಒಣಗಿಸಿ ಮಾಡಿದ ಮದ್ದು ಕೊಡಿಸಿದ. ಕೊಡಿಸಿದ ಎನ್ನಬೇಕು, ಏಕೆಂದರೆ ಪಾಶ್ಚರ್ ವೈದ್ಯನಲ್ಲ. ಸೂಜಿ ಹಿಡಿದವರು ಬೇರೊಬ್ಬರು. ಹದಿಮೂರು ಸಲ ಚುಚ್ಚಿದರು. ಹುಡುಗ ಬದುಕಿದ.

ನಮ್ಮ ದೇಶದಲ್ಲಿ ಈ ಚಿಕಿತ್ಸೆಗೆಂದು 1900ರಲ್ಲಿ ಸಂಸ್ಥೆ ಶುರುವಾದದ್ದು ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ. ಮೈಸೂರು ಸೀಮೆಯವನು ಅಲ್ಲಿಗೆ ತಲುಪಲು ಎಷ್ಟು ದಿನ ರೈಲಿನಲ್ಲಿ ಕೂರಬೇಕಿತ್ತೋ ಯೋಚಿಸಿ. 1902ರಲ್ಲಿ ದಕ್ಷಿಣದಲ್ಲಿದ್ದ ಒಬ್ಬ ಇಂಗ್ಲಿಷ್ ಹೆಂಗಸು ಈ ರೋಗದಿಂದ ಸತ್ತ ಮೇಲೆ ಸರ್ಕಾರ ಎಚ್ಚೆತ್ತಿತು; 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ತೆರೆಯಿತು. ಅದಕ್ಕೆ ಮೊದಲು ನಮ್ಮವರು ಎಷ್ಟು ಜನ ಸತ್ತರೋ, ಆ ಲೆಕ್ಕ ಇಟ್ಟವರು ಯಾರು?

ಹದಿನಾಲ್ಕರ ಮೂಲ 1911ರ ಕಸೌಲಿ. ಡೇವಿಡ್ ಸೆಂಪಲ್ ಎಂಬ ವೈದ್ಯ ರೋಗಾಣು ತಗುಲಿಸಿದ ಕುರಿಯ ಮೆದುಳನ್ನು ಅರೆದು, ಫಿನಾಲ್ ಬೆರೆಸಿ ರೋಗಾಣುವನ್ನು ಕೊಂದು ಲಸಿಕೆ ಮಾಡಿದ. ಅಗ್ಗದ ಮದ್ದು, ಆದರೆ ಶಕ್ತಿ ಕಡಿಮೆ; ಆದ್ದರಿಂದ ದಿನಕ್ಕೊಂದರಂತೆ ಹೊಟ್ಟೆಗೆ ಚುಚ್ಚಬೇಕು. ಅದರಲ್ಲಿದ್ದ ಮೆದುಳಿನ ಅಂಶದಿಂದಾಗಿ ಕೆಲವರಿಗೆ ಕೈಕಾಲು ಬಿದ್ದುಹೋದದ್ದೂ ಉಂಟು. ಹೀಗಾಗಿ ಜನರ ಹೆದರಿಕೆಯನ್ನು ಬರೀ ಮೌಢ್ಯವೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಆಸ್ಪತ್ರೆ ಬಿಟ್ಟು ಗಾಯಕ್ಕೆ ಸುಣ್ಣ, ಮೆಣಸಿನಪುಡಿ ಹಚ್ಚಿಕೊಂಡು ಮಂತ್ರದವನ ಬಳಿ ಓಡಿದ್ದು ಈ ಸೂಜಿಗೆ ಅಂಜಿಯೇ. ಆದರೆ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಮದ್ದು ಇಂದಿಗೂ ಇಲ್ಲ.

ಜೀವಕೋಶಗಳಲ್ಲಿ ಬೆಳೆಸಿದ ಸುರಕ್ಷಿತ ಲಸಿಕೆ ಬಂದ ಮೇಲೂ ಬಡವರ ಪಾಲಿಗೆ ಕುರಿಯ ಮೆದುಳೇ ಉಳಿಯಿತು. ಅದರ ತಯಾರಿಕೆ ನಮ್ಮಲ್ಲಿ ನಿಂತದ್ದು 2004ರ ಡಿಸೆಂಬರಿನಲ್ಲಿ! ಹೊಸ ಲಸಿಕೆಯ ಬೆಲೆ ಸರ್ಕಾರಿ ಆಸ್ಪತ್ರೆಗೆ ಎಟುಕುವಂತಾದದ್ದು, ಅದನ್ನು ಸ್ವಲ್ಪವೇ ಚರ್ಮದೊಳಕ್ಕೆ ಕೊಡುವ ಕ್ರಮಕ್ಕೆ 2006ರಲ್ಲಿ ಅನುಮತಿ ಸಿಕ್ಕಾಗ. ಆ ಕ್ರಮವನ್ನು ಪರೀಕ್ಷಿಸಿ ನೋಡಿದವರಲ್ಲಿ ನಮ್ಮ ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ಸಂಸ್ಥೆಯವರೂ ನಿಮ್ಹಾನ್ಸ್‌ನವರೂ ಇದ್ದರು. ಅತ್ತ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ, ಸತ್ತ ನಾಯಿಯ ಮೆದುಳಿನ ಚೂರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ; ರೋಗವಿದ್ದರೆ ಹಸಿರಾಗಿ ಹೊಳೆಯುತ್ತದೆ. ಬಸ್ಸಿನಲ್ಲಿ ಆ ಗೇಟು ದಾಟಿ ಹೋಗುವ ಎಷ್ಟೋ ಜನರಿಗೆ ಇದು ತಿಳಿಯದು.

ಸೂಜಿ ಹೋದರೂ ಲೆಕ್ಕ ಹೋಗಲಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಏಳನೇ ತರಗತಿಯ ಹುಡುಗನೊಬ್ಬ ಕುಂಟುತ್ತಾ ಬಂದ. ಪ್ಯಾಂಟು ಮಡಿಸಿ ನೋಡಿದರೆ ಮೀನಖಂಡದಲ್ಲಿ ಹಲ್ಲಿನ ಗುರುತು, ಅದರ ಮೇಲೆ ಅರಿಶಿನ. ಕಡಿದು ಎರಡು ದಿನವಾಗಿತ್ತು.

“ಯಾಕೋ ಹೇಳಲಿಲ್ಲ?”

“ಹೊಟ್ಟೆಗೆ ಹದಿನಾಲ್ಕು ಚುಚ್ತಾರಂತೆ ಮಿಸ್, ಅಜ್ಜಿ ಹೇಳಿದ್ರು.”

ನಲ್ಲಿಯ ಕೆಳಗೆ ಕಾಲಿಡಿಸಿ, ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಸಿದೆ. ರೋಗಾಣುವಿನ ಮೇಲಿರುವ ಕೊಬ್ಬಿನ ಹೊದಿಕೆಯನ್ನು ಸೋಪು ಒಡೆಯುತ್ತದೆ. ತಡವಾದರೂ ತೊಳೆಯುವುದೇ ಸರಿ. ಆಮೇಲೆ ಅಜ್ಜಿಯನ್ನೂ ಕರೆಸಿ ಸರ್ಕಾರಿ ಆಸ್ಪತ್ರೆಗೆ ಹೋದೆವು. ಗಾಯದ ಸುತ್ತ ಸೀರಮ್, ಎರಡೂ ತೋಳಿಗೆ ಒಂದೊಂದು ಸಣ್ಣ ಚುಚ್ಚು. ಅಂದು, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ, ಅಷ್ಟೇ. ಖಾಸಗಿಯಲ್ಲಾದರೆ ಸಾಮಾನ್ಯವಾಗಿ ತೋಳಿನ ಸ್ನಾಯುವಿಗೆ ಐದು.

“ಹೊಟ್ಟೆಗೆ ಇಲ್ವಾ ಟೀಚರಮ್ಮ?” ಎಂದು ಅಜ್ಜಿ ನನ್ನನ್ನೂ ನರ್ಸಮ್ಮನನ್ನೂ ಬೇರೆ ಬೇರೆಯಾಗಿ ಕೇಳಿ ಖಚಿತ ಮಾಡಿಕೊಂಡರು.

ಕೊನೆಯ ದಿನ ಬರುವಷ್ಟರಲ್ಲಿ ಗಾಯ ಮಾಯ್ದಿರುತ್ತದೆ, ಮನೆಯವರು ಮರೆಯುತ್ತಾರೆ. ಅದಕ್ಕೇ ಹಾಜರಿ ಪುಸ್ತಕದಲ್ಲಿ ಆ ತಾರೀಖಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದೆ. ಅಂದು ಹುಡುಗ ಮಧ್ಯಾಹ್ನ ಬಂದ. ಬೆಳಿಗ್ಗೆಯೇ ಅಜ್ಜಿ ಕರೆದುಕೊಂಡು ಹೋಗಿದ್ದರಂತೆ.